ದೀಪದ ಮಗ್ಗುಲ ಹೂವು

ನಮ್ಮ ಮನೆಯ ದೇವರು ಯಾರಿಗೂ ಇಲ್ಲ ಅಂದವನಲ್ಲ. ಆಯಿ, ಅಂದರೆ ಅಪ್ಪನ ಅವ್ವ, ಏನು ಕೇಳಿದರೂ ಅವನು ಹೂಂ ಅನ್ನುತ್ತಿದ್ದ. ನಿಪ್ಪಾಣಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಪಡಸಾಲೆಗೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಒಂದು ಗೋಡೆಗೆ ಜೋಳದ ಚೀಲಗಳು, ಎದುರು ಗೋಡೆಯ ಗೂಡಿನಲ್ಲಿ ಮುತ್ಯಾ, ಅಂದರೆ ನನ್ನ ಅಜ್ಜ, ಮಂಗಸೂಳಿಯಿಂದ ತಂದಿದ್ದ ಗೇಣುದ್ದದ ಕರಿಗಲ್ಲಿನ ಮಲ್ಲಯ್ಯ. ಭಂಡಾರದ ಅರಿಶಿನ ಹಚ್ಚಿ ಹಚ್ಚಿ ಆ ಕರಿಗಲ್ಲು ಹಳದಿಯಾಗಿ ಹೋಗಿತ್ತು. ಮನೆಯಲ್ಲಿ ಯಾವ ದೊಡ್ಡ ಮಾತು ಬಂದರೂ ಆಯಿ ಅವನಿಗೆ ಕೌಲು ಹಚ್ಚುತ್ತಿದ್ದಳು. ಕೌಲು ಅಂದರೆ ಇಷ್ಟೇ: ದೇವರ ಮೈ ತೊಳೆದು ಒರೆಸುವುದು, ಎರಡು ಭುಜಕ್ಕೂ ಒಂದೊಂದು ಚೆಂಡುಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಅಂಟಿಸುವುದು, ಪ್ರಶ್ನೆ ಕೇಳುವುದು, ಕೈಮುಗಿದು ಕಾಯುವುದು. ಬಲಭುಜದ ಎಸಳು ಮೊದಲು ಉದುರಿದರೆ ದೇವರು ಒಪ್ಪಿದ. ಎಡದ್ದು ಉದುರಿದರೆ ಒಪ್ಪಲಿಲ್ಲ. ಎಮ್ಮೆ ಕೊಳ್ಳಲೋ ಬೇಡವೋ, ಕಾಕಾನ ಲಗ್ನ ಈ ವರ್ಷವೋ ಬರುವ ವರ್ಷವೋ, ಎಲ್ಲವೂ ಅಲ್ಲಿಯೇ ತೀರ್ಮಾನ. ನನ್ನನ್ನು ಶಾಲೆಗೆ ಹಾಕುವಾಗ ಆಯಿ ಕನ್ನಡ ಶಾಲೆಯೇ ಆಗಲೇನಪ್ಪಾ ಅಂತ ಕೇಳಿದಳಂತೆ, ಬಲಕ್ಕೆ ಬಿತ್ತು. ಮುಂದಿನ ವರ್ಷ ಎದುರುಮನೆಯ ಹುಡುಗನ ಸಲುವಾಗಿ ಮರಾಠಿ ಶಾಲೆ ಆಗಲೇ ಅಂತ ಕೇಳಿದಳು, ಅದೂ ಬಲಕ್ಕೆ ಬಿತ್ತು. ಅಪ್ಪ ನಕ್ಕಾಗ ಆಯಿ ಸಿಟ್ಟಿಗೆದ್ದಿದ್ದಳು.

"ನಗತಿ ಏನೋ? ಮಲ್ಲಯ್ಯಗ ಎರಡೂ ಭಾಷಾ ಬರ್ತಾವ."

ದೇವರು ಹೀಗೆ ಎಲ್ಲದಕ್ಕೂ ತಲೆಯಾಡಿಸುವುದರ ಕಾರಣ ನನಗೆ ತಿಳಿದದ್ದು ಆರನೇ ಇಯತ್ತೆಯ ಹೊತ್ತಿಗೆ. ಗೂಡಿನಲ್ಲಿ ಮಲ್ಲಯ್ಯನ ಬಲಕ್ಕೆ, ಭುಜಕ್ಕೆ ತಾಗುವಷ್ಟು ಹತ್ತಿರ, ಹಿತ್ತಾಳೆಯ ಸಮೆ, ಅಂದರೆ ಎಣ್ಣೆಯ ದೀಪ, ಉರಿಯುತ್ತಿತ್ತು. ದೀಪದ ಕಾವಿಗೆ ಆ ಕಡೆಯ ನೀರು ಬೇಗ ಆರುತ್ತಿತ್ತು, ಎಸಳು ಬೇಗ ಉದುರುತ್ತಿತ್ತು. ಇದನ್ನು ನಾನು ಯಾರೂ ಇಲ್ಲದಾಗ ಮಾಡಿ ನೋಡಿದ್ದೆ. ಪ್ರಶ್ನೆಯನ್ನೇ ಕೇಳದೆ ಹೂ ಹಚ್ಚಿದೆ, ಬಲಕ್ಕೆ ಬಿತ್ತು. ಸಮೆಯನ್ನು ಎಡಕ್ಕೆ ಸರಿಸಿದೆ, ಎಡಕ್ಕೆ ಬಿತ್ತು. ನನ್ನ ಬದುಕಿನ ಮೊದಲ ಪ್ರಯೋಗ ಅದು, ಈ ತನಕದ ಪ್ರಯೋಗಗಳಲ್ಲಿ ಅಷ್ಟು ಚೊಕ್ಕ ಉತ್ತರ ಕೊಟ್ಟದ್ದು ಇನ್ನೊಂದಿಲ್ಲ. ಈಗಲೂ ನನ್ನ ಕೈಕೆಳಗಿನ ಹುಡುಗರು ತೀರ ಚಂದದ ಫಲಿತಾಂಶ ಹಿಡಿದು ಕುಣಿಯುತ್ತ ಬಂದರೆ, ದೀಪ ಯಾವ ಕಡೆ ಇಟ್ಟಿದ್ದೆ ಅಂತ ಕೇಳುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೇಡಂಗೆ ತಲೆ ಸ್ವಲ್ಪ ಲೂಜು ಅಂತ ಹಿಂದಿನಿಂದ ಆಡಿಕೊಳ್ಳುತ್ತಾರೆ ಅನ್ನುವುದೂ ನನಗೆ ಗೊತ್ತು.

ಆ ಮನೆಯ ಬೆಳಗು ಅಂದರೆ ಮಿಶ್ರಿ. ಊರ ಸುತ್ತಲೂ ತಂಬಾಕು ಬೆಳೆಯುವ ಹೊಲ, ಊರೊಳಗೆ ತಂಬಾಕು ತುಂಬಿಡುವ ವಖಾರಿ, ಮತ್ತೆ ಮನೆಯೊಳಗೆ ಇನ್ನೇನು ಇರಲು ಸಾಧ್ಯ? ಹಿತ್ತಲ ಒಲೆಯ ಮೇಲೆ ಒಂದು ಹಳೆಯ ಹಂಚನ್ನು ಅದಕ್ಕೆಂದೇ ಇಟ್ಟಿದ್ದರು. ತಂಬಾಕಿನ ಎಲೆಯನ್ನು ಅದರ ಮೇಲೆ ಕರ್ರಗೆ ಆಗುವವರೆಗೆ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದರೆ ಮಿಶ್ರಿ. ಹುರಿಯುವ ದಿನ ಓಣಿಯೆಲ್ಲ ಕೆಮ್ಮುತ್ತಿತ್ತು. ಬೆಳಗಾದರೆ ಆಯಿ, ಅವ್ವ, ಕಾಕಿ, ನೆರೆಮನೆಯ ಒಬ್ಬಿಬ್ಬರು ಹಿತ್ತಲ ಕಲ್ಲಿನ ಮೇಲೆ ಸಾಲಾಗಿ ಕೂತು, ತೋರುಬೆರಳಿಗೆ ಮಿಶ್ರಿ ಹಚ್ಚಿಕೊಂಡು ಹಲ್ಲು, ವಸಡು ತಿಕ್ಕುತ್ತಿದ್ದರು. ಆಮೇಲೆ ಒಂದು ಚಿಟಿಕೆ ಗಲ್ಲದಲ್ಲಿ, ಕೆನ್ನೆಯ ಒಳಗೆ, ಹಾಗೇ ಉಳಿಯುತ್ತಿತ್ತು. ಗಂಡಸರು ಆ ಹೊತ್ತಿನಲ್ಲಿ ಹಿತ್ತಲಿಗೆ ಬರುತ್ತಿರಲಿಲ್ಲ. ಅತ್ತೆಯಂದಿರ ಮಾತು, ಗಂಡಂದಿರ ಮಾತು, ನಿಂತುಹೋದ ಮುಟ್ಟಿನ ಮಾತು, ಎಲ್ಲ ಆ ಕಲ್ಲಿನ ಮೇಲೆಯೇ. ದಿನವಿಡೀ ಅವರಿಗೆ ಕೂರಲು ಸಿಗುತ್ತಿದ್ದದ್ದು ಅಷ್ಟೇ ಹೊತ್ತು. ಅವ್ವ ಕರೋಶಿಯ ತವರಿನಿಂದ ಬರುವಾಗ ಮಿಶ್ರಿ ಹಚ್ಚುತ್ತಿರಲಿಲ್ಲವಂತೆ. ಬಂದ ಹೊಸದರಲ್ಲಿ ಆಯಿಯೇ ಕೈಹಿಡಿದು ಕಲ್ಲಿನ ಮೇಲೆ ಕೂರಿಸಿಕೊಂಡು ಅವಳ ಬೆರಳಿಗೆ ಹಚ್ಚಿದಳಂತೆ. ಅದು ಕೇಡು ಬಗೆದು ಮಾಡಿದ್ದಲ್ಲ. ಸೊಸೆಯನ್ನು ಮನೆಯವಳನ್ನಾಗಿ ಮಾಡಿಕೊಳ್ಳುವ ರೀತಿಯೇ ಅದಾಗಿತ್ತು. ಆ ಕಲ್ಲಿನ ಮೇಲೆ ನನಗೂ ಒಂದು ಜಾಗ ಬೇಕೆಂದು ನಾನು ಹಂಬಲಿಸುತ್ತಿದ್ದೆ.

ನನ್ನ ವೃತ್ತಿ ಬಾಯೊಳಗಿನ ಗಡ್ಡೆಗಳ ಜೀನುಗಳನ್ನು ಓದುವುದು. ಯಾಕೆ ಈ ವಿಷಯ ಆರಿಸಿಕೊಂಡಿರಿ ಅಂತ ಸಂದರ್ಶನಗಳಲ್ಲಿ ಕೇಳಿದಾಗಲೆಲ್ಲ ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ. ಹುರಿದ ತಂಬಾಕಿನಲ್ಲಿರುವ ವಿಷ ಗಲ್ಲದ ಒಳಪದರದ ಜೀವಕೋಶಕ್ಕೆ ಇಳಿದು ಅದರ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಬರಹ ಕೆಡಿಸುತ್ತದೆ. ಕೆಟ್ಟ ಕೋಶ ಎರಡಾಗಲು ಹೊರಟರೆ, ತಡಿ, ಮೊದಲು ನಿನ್ನನ್ನು ರಿಪೇರಿ ಮಾಡಿಕೋ ಅಂತ ಅಡ್ಡ ನಿಲ್ಲುವ ಜೀನು ಒಂದಿದೆ, ಅದಕ್ಕೆ ಪಿ53 ಅನ್ನುತ್ತೇವೆ. ಒಂದು ದಿನ ಆ ಜೀನಿನ ಬರಹವೇ ಕೆಡುತ್ತದೆ. ಅಲ್ಲಿಂದ ಮುಂದೆ ತಡಿ ಅನ್ನುವವರು ಇಲ್ಲ. ಆದರೂ ಗಡ್ಡೆ ಕೂಡಲೇ ಏಳುವುದಿಲ್ಲ. ಬಹಳ ಕಾಲ ಅದು ಒಂದು ಬಿಳಿ ಮಚ್ಚೆಯಾಗಿ ಸುಮ್ಮನೆ ಕೂತಿರುತ್ತದೆ, ಆಗ ತೆಗೆದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಇದನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ. ಪ್ರತಿ ಸಲ ಆ ಮಾತಿಗೆ ಬಂದಾಗ ಒಂದು ಗುಟುಕು ನೀರು ಕುಡಿಯುತ್ತೇನೆ.

ಅವ್ವನ ಬಿಳಿ ಮಚ್ಚೆಯನ್ನು ಯಾರೂ ನೋಡಲಿಲ್ಲ, ಯಾಕೆಂದರೆ ಅವ್ವ ಉಣ್ಣುವುದನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಉಂಡಾದ ಮೇಲೆ ಅವಳು ಒಲೆಯ ಮುಂದೆಯೇ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಮೊದಲು ಅವಳ ತಾಟಿನಿಂದ ಹಸಿಮೆಣಸಿನಕಾಯಿ ಹೋಯಿತು. ಆಮೇಲೆ ಶೇಂಗಾ ಹಿಂಡಿ, ಆ ಚಟ್ನಿಪುಡಿ, ಹೋಯಿತು. ಬಿಸಿರೊಟ್ಟಿಗೆ ಎಣ್ಣೆ, ಖಾರ ಹಚ್ಚಿ ಸುರುಳಿ ಸುತ್ತಿ ತಿನ್ನುತ್ತಿದ್ದವಳು ರೊಟ್ಟಿಯನ್ನು ಬೇಳೆಯಲ್ಲಿ ನೆನೆಯಿಟ್ಟು ತಿನ್ನತೊಡಗಿದಳು. ಕಡೆಗೆ ಅಂಬಲಿ ಮಾತ್ರ. ಗಲ್ಲ ನೋಯುತ್ತದೆ ಅಂದಾಗ ಆಯಿ ಕೊಟ್ಟ ಮದ್ದು ಏನು ಗೊತ್ತೇ? ಇನ್ನೊಂದು ಚಿಟಿಕೆ ಮಿಶ್ರಿ. ಮಿಶ್ರಿ ಇಟ್ಟರೆ ನೋವು ಜೋಮು ಹಿಡಿದು ತಣ್ಣಗಾಗುತ್ತಿತ್ತು. ಅವ್ವನಿಗೂ ಅದು ಹಿತ ಅನ್ನಿಸುತ್ತಿತ್ತು. ಬೆಂಕಿಗೆ ಎಣ್ಣೆ ಹೊಯ್ಯುವುದನ್ನೇ ನಮ್ಮ ಮನೆಯಲ್ಲಿ ಉಪಚಾರ ಅಂದುಕೊಂಡಿದ್ದೆವು. ಒಂದು ದಿನ ನಾನು ಹಟ ಹಿಡಿದು ಅವಳ ಬಾಯಿ ತೆರೆಸಿದೆ. ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯಿತು. ಎಡಗಲ್ಲದ ಒಳಗೆ ಬಿಳಿ ಪದರದ ನಡುವೆ ಕೆಂಪಗೆ ಒಂದು ಹುಣ್ಣು. ನಾನು ಅಳುತ್ತ ಅಪ್ಪನ ಹತ್ತಿರ ಓಡಿದೆ.

ಅಪ್ಪ ಶಾಲಾ ಮಾಸ್ತರ. ಕಲಿಸುತ್ತಿದ್ದದ್ದು ವಿಜ್ಞಾನ, ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮರುದಿನವೇ ಅವ್ವನನ್ನು, ಜೊತೆಗೆ ನನ್ನನ್ನು, ಚಿಕ್ಕೋಡಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಅವ್ವನನ್ನು ಹೊರಗೆ ಕೂರಿಸಿ, ಅಪ್ಪನ ಜೊತೆ ಬಹಳ ಹೊತ್ತು ಮಾತಾಡಿದರು. ನಾನೂ ಅವ್ವನೂ ಬೆಂಚಿನ ಮೇಲೆ ಕೂತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆವು. ಹೊರಗೆ ಬಂದ ಅಪ್ಪ ಅವ್ವನ ಮುಖ ನೋಡದೆ ಗೋಡೆಯ ಕ್ಯಾಲೆಂಡರಿಗೆ ಹೇಳಿದರು.

"ಗಲ್ಲದಾಗಿಂದ ತುಕಡಾ ತಗದು ಮಿರಜಿಗೆ ತಪಾಸಕ್ಕ ಕಳಸಬೇಕಂತ. ಆಮ್ಯಾಲೆ ಮುಂದಿಂದು."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಏನೂ ಕೇಳಲಿಲ್ಲ. ಅವಳು ಏನು ನೆನೆಸಿಕೊಳ್ಳುತ್ತಿದ್ದಾಳೆ ಅನ್ನುವುದು ನನಗೆ ಗೊತ್ತಿತ್ತು. ನಮ್ಮ ಹಿಂದಿನ ಓಣಿಯಲ್ಲಿ ಶಾಂತಕ್ಕ ಅಂತ ಇದ್ದಳು. ಬಾಯಿಯ ಆಪರೇಷನ್ ಆಗಿ ಬಂದಾಗ ಅವಳ ಅರ್ಧ ದವಡೆ ಇರಲಿಲ್ಲ. ನೀರಿಗೆ ಬರುವಾಗ ಮುಖ ಪೂರ್ತಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು, ಸಣ್ಣ ಮಕ್ಕಳು ಕಂಡರೆ ಓಡುತ್ತಿದ್ದವು. ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುವುದನ್ನು ಬಿಟ್ಟಿದ್ದರು. ಶಾಂತಕ್ಕ ಬದುಕಿದ್ದಳು ಅನ್ನುವುದು ಮಾತ್ರ ಯಾರ ತಲೆಗೂ ಬರಲಿಲ್ಲ.

ಮನೆಯಲ್ಲಿ ಆಯಿ ಕೇಳಿದ್ದೇ ತಡ, ಎದೆ ಬಡಿದುಕೊಂಡಳು. ಅವಳ ತಂಗಿಯನ್ನು ಕೊಕಟನೂರಿಗೆ ಕೊಟ್ಟಿದ್ದರು. ಆಕೆಗೆ ಎದೆಯಲ್ಲಿ ಗಂಟು ಬಂದು, ಕೊಯ್ಸಿದ ಮೇಲೆ ಬಹಳ ದಿನ ಬದುಕಲಿಲ್ಲ. ಕಬ್ಬಿಣ ತಾಗಿದರೆ ಹುಣ್ಣು ಹಬ್ಬುತ್ತದೆ ಅನ್ನುವುದು ಅಂದಿನಿಂದ ನಮ್ಮ ಮನೆಯಲ್ಲಿ ವೇದವಾಕ್ಯ. ಹಬ್ಬಿದ ಮೇಲೆಯೇ ಜನ ಡಾಕ್ಟರ ಹತ್ತಿರ ಹೋಗುತ್ತಾರೆ, ಅದಕ್ಕೇ ಕೊಯ್ದವರು ಸಾಯುವುದು ಎದ್ದು ಕಾಣುತ್ತದೆ ಅಂತ ಇವತ್ತು ನಾನು ಬಿಡಿಸಿ ಹೇಳಬಲ್ಲೆ. ಅಂದು ಅದನ್ನು ಹೇಳಬೇಕಾದವರು ಅಪ್ಪ. ಅವರು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದರು. ಸುದ್ದಿ ತಿಳಿದು ಕರೋಶಿಯಿಂದ ಮೋಟಾರ್‌ಸೈಕಲ್ ಮೇಲೆ ಬಂದ ನನ್ನ ಸೋದರಮಾವ ಚಪ್ಪಲಿ ಬಿಡುವುದರೊಳಗೇ ಜಗಳ ತೆಗೆದ.

"ಮಾಸ್ತರ್ರ, ಇನ್ನೂ ಏನ ನೋಡಾಕತ್ತೀರಿ? ಅಕ್ಕನ ಬಾಯಿ ಎರಡ ಬೆರಳಿನ ಮ್ಯಾಲೆ ತೆರಿವಲ್ದು! ನಾಳೆ ಕರಕೊಂಡು ನಡೀರಿ."

"ನಮ್ಮವ್ವ ಬ್ಯಾಡಂತಾಳ."

"ನಿಮ್ಮವ್ವ ಬ್ಯಾಡಂತಾರ, ಖರೆ. ನೀವೇನಂತೀರಿ? ಅದನ್ನ ಹೇಳ್ರಿ."

ಉತ್ತರ ಬಂದದ್ದು ಒಳಗಿನಿಂದ, ಆಯಿಯ ಬಾಯಿಂದ.

"ನಾವ್ಯಾಕ ಜಗಳಾಡೂದು? ಐತಾರ ಕೌಲ ಹಚ್ಚೂನು. ಮಲ್ಲಯ್ಯ ಹೆಂಗ ಅಂತಾನ ಹಂಗ."

ಮಾವ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಅವನ ಮನೆದೇವರೂ ಮಲ್ಲಯ್ಯನೇ. ದೇವರ ಮುಂದೆ ಎದುರಾಡುವವನಲ್ಲ ಅವನು. ಆಯಿ ಪ್ರಶ್ನೆಯನ್ನು ಕೊಯ್ಸೂದು ಬ್ಯಾಡ ಅಲ್ಲೇನಪಾ ಅಂತಲೇ ಕೇಳುತ್ತಾಳೆ ಅನ್ನುವುದು ನನಗೆ ಗೊತ್ತಿತ್ತು, ಎಸಳು ಯಾವ ಕಡೆ ಬೀಳುತ್ತದೆ ಅನ್ನುವುದೂ ಗೊತ್ತಿತ್ತು. ಅಂದರೆ ಅವ್ವನ ತೀರ್ಮಾನ ಆಗಿಯೇ ಹೋಗಿತ್ತು. ಶನಿವಾರ ಸಂಜೆ ಅಪ್ಪ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದೆ. ಸಮೆಯ ಕಾವು, ಆರುವ ನೀರು, ನಾನು ಮಾಡಿ ನೋಡಿದ್ದು. ವಿಜ್ಞಾನದ ಮಾಸ್ತರ, ಖುಷಿಪಟ್ಟು ನನ್ನ ಬೆನ್ನು ತಟ್ಟುತ್ತಾರೆ, ಎದ್ದು ಒಳಗೆ ಹೋಗಿ ಆಯಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಅಪ್ಪ ರಸ್ತೆಯ ಕಡೆಗೇ ಮುಖ ಮಾಡಿ ಹೇಳಿದರು.

"ನಂಗೂ ಗೊತ್ತೈತಿ, ಗೀತಾ. ಸಣ್ಣಾಂವ ಇದ್ದಾಗ ನಾನೂ ನೋಡೀನಿ."

"ಮತ್ತ ಹೇಳಪಾ ಆಯಿಗೆ! ದೀಪ ತಗದು ಕೌಲ ಹಚ್ಚು ಅಂತ ಹೇಳು!"

"ದೇವ್ರು ಬ್ಯಾಡಂದ ಅಂದ್ರ ಹೆಂಗರ ತಡಕೋತೀನಿ, ಯವ್ವಾ. ನಾನ ಮುಂದಾಗಿ ಕೊಯ್ಸಿ ಆಕಿಗೇನರ ಆತಂದ್ರ, ನಾ ಬದಕಾಂಗಿಲ್ಲ."

ಅಪ್ಪನ ಮೇಲೆ ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವರು ಈಗ ಇಲ್ಲ, ಆದರೂ ಇಳಿದಿಲ್ಲ. ಏನೂ ತಿಳಿಯದ ಆಯಿಯನ್ನು ನಾನು ಎಂದೋ ಕ್ಷಮಿಸಿದೆ. ತಿಳಿದೂ ತಿಳಿದೂ ಕಲ್ಲಿನ ಹಿಂದೆ ಅಡಗಿ ಕೂತವರನ್ನು ಕ್ಷಮಿಸುವುದು ಕಷ್ಟ. ಅವರಿಗೆ ಅವ್ವನ ಮೇಲೆ ಪ್ರೀತಿ ಇತ್ತು, ಆ ಪ್ರೀತಿಯೇ ಅವರ ಕೈಕಾಲು ಕಟ್ಟಿತ್ತು ಅನ್ನುವುದೂ ನನಗೆ ಅರ್ಥವಾಗುತ್ತದೆ. ಅರ್ಥವಾದದ್ದರಿಂದ ಏನೂ ಹಗುರವಾಗಿಲ್ಲ.

ಐತಾರ ಬೆಳಗ್ಗೆ ಮನೆಯವರೆಲ್ಲ ಸ್ನಾನಕ್ಕೆ ಹೋದಾಗ ನಾನು ಒಬ್ಬಳೇ ದೇವರ ಕೋಣೆಗೆ ಹೋಗಿ ಸಮೆಯನ್ನು ಎತ್ತಿ ಮಲ್ಲಯ್ಯನ ಎಡಕ್ಕೆ ಇಟ್ಟೆ. ಅಷ್ಟರಲ್ಲಿ ಎಣ್ಣೆಯ ಗಿಂಡಿ ಹಿಡಿದು ಅವ್ವ ಒಳಗೆ ಬಂದಳು. ಮದುವೆಯಾಗಿ ಬಂದಾಗಿನಿಂದ ದಿನಾ ಆ ದೀಪಕ್ಕೆ ಎಣ್ಣೆ ಹಾಕಿದವಳು ಅವಳು. ಎಷ್ಟು ಕೌಲುಗಳನ್ನು ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದಳೋ. ದೀಪವನ್ನು ನೋಡಿದಳು, ನನ್ನನ್ನು ನೋಡಿದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲವೂ ತಿಳಿಯಿತು, ಅವಳಿಗೆ ಮೊದಲೇ ತಿಳಿದಿತ್ತು ಅನ್ನುವುದು ನನಗೂ ತಿಳಿಯಿತು. ಗಿಂಡಿಯನ್ನು ಕೆಳಗಿಟ್ಟು, ಸಮೆಯನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿ ಬಲಕ್ಕೆ ಇಟ್ಟಳು.

"ಯವ್ವಾ, ಬ್ಯಾಡ," ಅಂದೆ.

"ಸುಮ್ಮನಿರು ಬೇ," ಅಂದಳು. ಅರ್ಧ ತೆರೆದ ಬಾಯಿಂದ ಮಾತು ತೊದಲುತ್ತಿತ್ತು. "ಶಾಂತಕ್ಕನ ಮಕ ನೋಡೀಯಿಲ್ಲೊ? ಅಂಥಾ ಮಕಾ ಇಟಗೊಂಡು ನಾ ನಿನ್ನ ಲಗ್ನದಾಗ ಹೆಂಗ ನಿಲ್ಲಲಿ?"

ಕೌಲು ನಡೆಯಿತು. ಆಯಿ ಎಸಳು ಅಂಟಿಸಿ, ನಮ್ಮ ಸೊಸಿ ಗಲ್ಲಕ್ಕ ಕಬ್ಬಿಣ ಮುಟ್ಟಸಬ್ಯಾಡ ಅನ್ನೂದಿದ್ರ ಬಲಕ್ಕ ಕೊಡಪಾ ಅಂತ ಕೇಳಿದಳು. ಮಾವ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದ. ಅಪ್ಪ ನೆಲ ನೋಡುತ್ತಿದ್ದರು. ನಾನು ಆ ಬಲಭುಜದ ಎಸಳನ್ನೇ ನೋಡುತ್ತ, ಒಂದು ಸಲವಾದರೂ ನನ್ನ ಪ್ರಯೋಗ ಸುಳ್ಳಾಗಲಿ, ದೇವರು ನಿಜಕ್ಕೂ ಇರಲಿ ಅಂತ ಬೇಡಿಕೊಂಡೆ. ಹಾಗೆ ನಾನು ಮತ್ತೆಂದೂ ಬೇಡಿಕೊಂಡಿಲ್ಲ. ಎಸಳಿನ ಅಂಚು ಒಣಗಿ ಮುದುಡಿತು. ಆಮೇಲೆ ಉದುರಿತು. ಆಯಿ ಭಂಡಾರ ತೂರಿ, ಅವ್ವನ ಹಣೆಗೆ ಹಚ್ಚಿ, ಅವಳನ್ನು ತಬ್ಬಿಕೊಂಡು ಅತ್ತಳು. ಉಳಿಸಿಕೊಂಡೆ ಅಂತ ಅತ್ತಳು. ಆ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಅವ್ವ ಅದನ್ನು ಹಾಲಿನಲ್ಲಿ ಕಿವಿಚಿ ಕುಡಿದಳು.

ಮಳೆಗಾಲ ಹೀಗೇ ಹೋಯಿತು. ನಾಟಿ ಔಷಧ, ಬೇರಿನ ರಸ, ಯಾರೋ ಹೇಳಿದ ಕಷಾಯ. ಎಲ್ಲದಕ್ಕೂ ಮಲ್ಲಯ್ಯ ಹೂಂ ಅಂದ. ದೀಪಾವಳಿಯ ಹೊತ್ತಿಗೆ ಹುಣ್ಣು ಗಲ್ಲದ ಹೊರಗೆ ಉಬ್ಬಿ ಗುಬುಟಾಗಿ ಎದ್ದು, ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಅವ್ವನ ಬಾಯಲ್ಲಿ ಈಗ ಒಂದು ಬೆರಳೂ ಹೋಗುತ್ತಿರಲಿಲ್ಲ. ವಾಸನೆಗೆ ಕಾಕಿ ಮೂಗು ಮುಚ್ಚಿಕೊಳ್ಳದೆ ಹತ್ತಿರ ಕೂರಲು ಪಾಪ ಬಹಳ ಕಷ್ಟಪಡುತ್ತಿದ್ದಳು. ಕಬ್ಬು ಕಡಿಯುವ ಕಾಲಕ್ಕೆ ಮಾವ ಮತ್ತೆ ಬಂದ. ಈ ಸಲ ಯಾರನ್ನೂ ಕೇಳಲಿಲ್ಲ, ದೇವರನ್ನೂ ಕೇಳಲಿಲ್ಲ. ಅವ್ವನನ್ನು ಎತ್ತಿ ಬಾಡಿಗೆ ಜೀಪಿನಲ್ಲಿ ಕೂರಿಸಿ ಕರೋಶಿಗೆ ಒಯ್ದ. ನಾನು ಬಟ್ಟೆಯ ಗಂಟು ಹಿಡಿದು ಹಿಂದೆ ಹತ್ತಿದೆ. ಆಯಿ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಜೀಪಿನ ಮುಂದೆ ಬಂದು ನಿಂತು, ಆಮೇಲೆ ತಾವೇ ಪಕ್ಕಕ್ಕೆ ಸರಿದರು.

ಮರುದಿನ ಬೆಳಗ್ಗೆ ಚಿಕ್ಕೋಡಿಯ ಅದೇ ಡಾಕ್ಟರು, ಚುಚ್ಚುಮದ್ದು ಕೊಟ್ಟು ಗಲ್ಲ ಜೋಮು ಹಿಡಿಸಿ, ಪರದೆಯ ಆಚೆ ತುಕಡಾ ತೆಗೆದರು. ನಾನು ಹೊರಗೆ ನಿಂತು ಕೂಗು ಕೇಳಿಸುತ್ತದೆ ಅಂತ ಕಿವಿ ಮುಚ್ಚಿಕೊಂಡಿದ್ದೆ. ಕೂಗೇ ಬರಲಿಲ್ಲ, ಕಿವಿಯಿಂದ ಕೈ ತೆಗೆಯುವುದರೊಳಗೆ ಎಲ್ಲ ಮುಗಿದಿತ್ತು. ನಮ್ಮ ಕಡೆ ಆಗ ತುಕಡಾವನ್ನು ಮನೆಯವರೇ ತಪಾಸಣೆಯ ಲ್ಯಾಬಿಗೆ ಮುಟ್ಟಿಸಬೇಕಿತ್ತು. ನರ್ಸಮ್ಮ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮಾವನ ಕೈಗೆ ಕೊಟ್ಟಳು. ಮಾವ ಮೋಟಾರ್‌ಸೈಕಲ್ ಹೊಡೆಯಬೇಕಲ್ಲ, ನನಗೆ ಕೊಟ್ಟ. ಅವ್ವನನ್ನು ಅತ್ತಿಯ, ಅಂದರೆ ಮಾವನ ಹೆಂಡತಿಯ, ಹತ್ತಿರ ಬಿಟ್ಟು ನಾವು ಕೃಷ್ಣಾ ನದಿ ದಾಟಿ ಕಾಗವಾಡದ ಮೇಲಿಂದ ಮಿರಜಿಗೆ ಹೊರಟೆವು. ಚಳಿ ಕಡಿಯುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ದಾರಿ ಬಿಡುತ್ತಿರಲಿಲ್ಲ. ನಾನು ಡಬ್ಬಿಯನ್ನು ಸ್ವೆಟರಿನ ಒಳಗೆ ಎದೆಗೆ ಒತ್ತಿ ಹಿಡಿದಿದ್ದೆ. ಮೂಗಿಗೆ ಘಾಟು ಹೊಡೆಯುವ ನೀರಿನಲ್ಲಿ ತುಕಡಾ ಗಾಡಿ ಕುಲುಕಿದಾಗೊಮ್ಮೆ ತೇಲಿ, ಇಳಿಯುತ್ತಿತ್ತು. ಕಾಗವಾಡದ ಹತ್ತಿರ ಟ್ರ್ಯಾಕ್ಟರಿನ ಹಿಂದೆ ನಿಂತಾಗ ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಆಮೇಲಿನ ಬದುಕಿನಲ್ಲಿ ಇಂಥ ಎಷ್ಟೋ ಡಬ್ಬಿಗಳನ್ನು ತೆರೆದಿದ್ದೇನೆ, ಒಳಗಿನದನ್ನು ಅರೆದು, ಅದರ ಡಿಎನ್‌ಎ ತೆಗೆದು, ಎಲ್ಲಿ ಕೆಟ್ಟಿದೆ ಅಂತ ಅಕ್ಷರ ಅಕ್ಷರ ಓದಿದ್ದೇನೆ. ಪಿಎಚ್‌ಡಿ ಕೊಟ್ಟರು, ಕೆಲಸ ಕೊಟ್ಟರು. ಡಬ್ಬಿಗಳ ಮೇಲೆ ಅಂಕಿ ಇರುತ್ತದೆ, ಹೆಸರು ಇರುವುದಿಲ್ಲ. ಹೆಸರು ಇಲ್ಲದಿರುವುದಕ್ಕೇ ನಾನು ಈ ಕೆಲಸ ಮಾಡಬಲ್ಲೆ.

ಮಿರಜಿನ ವರದಿ ಬಂದಾಗ ಅದರಲ್ಲಿ ಇದ್ದದ್ದು ನಮಗೆಲ್ಲ ಗೊತ್ತಿದ್ದದ್ದೇ. ತಡವಾಗಿದೆ ಅಂದರು. ಮುಂದಿನ ಯುಗಾದಿಯ ಬೇವು ಬೆಲ್ಲವನ್ನು ನಾವು ಅವ್ವ ಇಲ್ಲದೆ ತಿಂದೆವು. ಆದರೆ ನಾನು ಹೇಳಬೇಕೆಂದಿರುವುದು ಆ ಡಬ್ಬಿ ಮುಟ್ಟಿಸಿ ಬಂದ ಸಂಜೆಯ ಮಾತು. ಕರೋಶಿಯ ಮನೆಯ ಕಟ್ಟೆಯ ಮೇಲೆ ಅವ್ವ ಕೌದಿ ಹೊದ್ದು ಕೂತಿದ್ದಳು. ಗಲ್ಲದ ಜೋಮು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕೈಗನ್ನಡಿ ತೊಡೆಯ ಮೇಲೆ ಬೋರಲು ಬಿದ್ದಿತ್ತು. ನನ್ನನ್ನು ಹತ್ತಿರ ಕರೆದಳು. ಕಿವಿಯನ್ನು ಅವಳ ತುಟಿಗೆ ಒಯ್ಯದಿದ್ದರೆ ಮಾತು ತಿಳಿಯುತ್ತಿರಲಿಲ್ಲ.

"ತುಕಡಾ ನೋಡಿದ್ಯಾ?"

"ಹೂಂ ಯವ್ವಾ."

"ಎಷ್ಟ ಇತ್ತು? ನಂಗ ಗಲ್ಲ ಐತೊ ಹೋಗೇತೊ ತಿಳಿವಲ್ದು. ಕನ್ನಡಿ ನೋಡ್ಕೊಳ್ಳಾಕ ಧೈರ್ಯ ಇಲ್ಲ."

ನಾನು ಅವಳ ಅಂಗೈ ಹಿಡಿದು, ನನ್ನ ಕಿರುಬೆರಳನ್ನು ಅದರ ಮೇಲೆ ಇಟ್ಟೆ. ಅರ್ಧ ಉಗುರನ್ನು ಹೆಬ್ಬೆರಳಿನಿಂದ ಮುಚ್ಚಿ ಉಳಿದದ್ದನ್ನು ತೋರಿಸಿದೆ.

"ತೊಗರಿಬ್ಯಾಳಿಯಷ್ಟು, ಯವ್ವಾ. ಅದಕ್ಕೂ ಸಣ್ಣದ."

ಅವ್ವ ನನ್ನ ಬೆರಳನ್ನು ನೋಡಿದಳು. ಆಮೇಲೆ ಕನ್ನಡಿಯನ್ನು ಎತ್ತಿ ಮುಖ ನೋಡಿಕೊಂಡಳು. ಮುಖ ಇದ್ದಲ್ಲೇ ಇತ್ತು.

"ಇಷ್ಟಕ್ಕ ಅಂಜಿದ್ನೇನ ಬೇ ನಾ?" ಅಂದಳು. "ಇಷ್ಟಂತ ಯಾರೂ ಹೇಳಲೇ ಇಲ್ಲಲ್ಲ ನಂಗ."